ಹುಲ್ಲಿನ ಮೆಷಿನ್ನಿಗೆ ಯಾವ ಪ್ಲಗ್? ಮೂರು ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಸ್ಪಾರ್ಕ್ ಪ್ಲಗ್ (ಎಂಜಿನ್ನಿನೊಳಗೆ ಕಿಡಿ ಹಾರಿಸುವುದು) ಎಂದರೆ ನನಗೆ ಎನ್‌ಜಿಕೆ ಕಂಪನಿಯ ಬಿಪಿಎಂಆರ್7ಎ ಸಾಕು. ನಮ್ಮ ಅಡಕೆ ತೋಟದಲ್ಲಿರುವ ಹುಲ್ಲು ಹೊಡೆಯುವ ಮೆಷಿನ್ ಸ್ಟಿಲ್ ಕಂಪನಿಯ ಎಫ್‌ಎಸ್ 120. ಮೆಷಿನ್ ಜೊತೆ ಬಂದ ಪುಸ್ತಕದಲ್ಲೇ ಎರಡು ಪ್ಲಗ್ ಹೆಸರಿದೆ: ಒಂದು ಇದು, ಇನ್ನೊಂದು ಬಾಷ್ ಡಬ್ಲ್ಯುಎಸ್‌ಆರ್6ಎಫ್. ಬಾಷನ್ನು ಒಂದು ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಏನೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಪೇಟೆಯಲ್ಲಿ ಕೇಳಿದ ದಿನವೇ ಸಿಗುವುದು ಎನ್‌ಜಿಕೆ, ಹಾಗಾಗಿ ಅದು.

ತಲೆ ತಿಂದದ್ದು ಮೂರನೆಯದು. ಕೊಯ್ಲಿಗೆ ಮೊದಲು ಹುಲ್ಲು ಹೊಡೆಯುವ ಅವಸರದಲ್ಲಿದ್ದೆ. ಅವತ್ತು ಮಾತ್ರ ಎರಡೂ ಸ್ಟಾಕ್ ಇರಲಿಲ್ಲ, ಅಂಗಡಿಯವರು ‘ಇದೂ ಆಗ್ತದೆ, ತಗೊಂಡೋಗಿ’ ಎಂದು ಕಂಪನಿ ಹೆಸರಿಲ್ಲದ ಒಂದನ್ನು ಅರ್ಧ ಬೆಲೆಗೆ ಕೊಟ್ಟರು. ತ್ರೆಡ್ ಸರಿಯಾಗಿ ಕೂತಿತು, 19ರ ಸ್ಪ್ಯಾನರೂ ಹಿಡಿಯಿತು, ಎರಡೇ ಎಳೆತಕ್ಕೆ ಸ್ಟಾರ್ಟ್. ಅರ್ಧ ಗಂಟೆ ಆದ ಮೇಲೆ ಶುರುವಾಯಿತು: ಏರಿಸಿದರೆ ಮುಗ್ಗರಿಸುವುದು, ನಿಲ್ಲುವುದು, ಐದು ನಿಮಿಷ ಬಿಟ್ಟರೆ ಮತ್ತೆ ಓಡುವುದು. ಪೆಟ್ರೋಲ್ ಚೆಲ್ಲಿ ಹೊಸದು ಬೆರೆಸಿದೆ. ಏರ್ ಫಿಲ್ಟರ್ ತೊಳೆದೆ. ಕಾರ್ಬೊರೇಟರ್ ಬಿಚ್ಚಿದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಸಂಜೆ ಕತ್ತಲಾದಾಗ, ಪ್ಲಗ್ಗಿನ ತಲೆಗೆ ಸಿಕ್ಕಿಸುವ ವೈರಿನ ಕ್ಯಾಪಿನ ಒಳಗಿಂದ ಚಟ್ ಚಟ್ ಸದ್ದು, ಸಣ್ಣ ನೀಲಿ ಕಿಡಿ. ಕ್ಯಾಪ್ ಕಿತ್ತು ನೋಡಿದರೆ ಪ್ಲಗ್ಗಿನ ತಲೆಯ ಮೇಲಿನ ನಟ್ ಎರಡು ಬೆರಳಿಗೇ ತಿರುಗುತ್ತಿತ್ತು. ಕೆಳಗಿನ ತ್ರೆಡ್ ಸುಟ್ಟು ಕಪ್ಪಾಗಿತ್ತು. ಮೆಷಿನ್ ನಡುಗಿದಂತೆಲ್ಲ ನಟ್ ಸಡಿಲಾಗಿ ಕಿಡಿ ಅಲ್ಲೇ ಹಾರುತ್ತಿತ್ತು. ಗೇಣುದ್ದದಲ್ಲಿ ಪೆಟ್ರೋಲ್ ಟ್ಯಾಂಕ್! ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಇಕ್ಕಳದಲ್ಲಿ ಬಿಗಿದರೂ ಎರಡು ದಿನಕ್ಕೆ ಮತ್ತೆ ಅದೇ ಕಥೆ, ತ್ರೆಡ್ ಆಗಲೇ ತಿಂದುಹೋಗಿತ್ತು.

ಎನ್‌ಜಿಕೆಯಲ್ಲೂ ಅದೇ ನಂಬರಿಗೆ ನಟ್ ಇರುವುದು, ಬಿಚ್ಚಿಬಾರದ ಗಟ್ಟಿ ತಲೆಯದು ಎರಡೂ ಉಂಟು. ನಾನು ಗಟ್ಟಿ ತಲೆಯದನ್ನೇ ಹುಡುಕಿ ತರುತ್ತೇನೆ. ನಟ್ಟಿನದೇ ಸಿಕ್ಕರೆ ಹಾಕುವ ಮೊದಲು ಇಕ್ಕಳದಲ್ಲಿ ಬಿಗಿದುಕೊಳ್ಳಿ.

ಸ್ಕೂಟರ್ ಪ್ಲಗ್ ಹಾಕಿ ಎಂದರೆ ಬೇಡವೇ ಬೇಡ. ಸ್ಕೂಟರಿಗೆ ಹಾಕುವ ಎನ್‌ಜಿಕೆ ಬಿಪಿ7ಎಚ್‌ಎಸ್‌ನದೂ 14 ಮಿ.ಮೀ. ತ್ರೆಡ್ಡೇ, ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಇಳಿಯುತ್ತದೆ. ಆದರೆ ನಮ್ಮದರ ತ್ರೆಡ್ ಉದ್ದ 9.5 ಮಿ.ಮೀ., ಅದರದು 12.7. ಹೆಚ್ಚಿನ ಮೂರು ಮಿ.ಮೀ. ಪಿಸ್ಟನ್ ಕಡೆಗೆ ಚಾಚಿ ನಿಲ್ಲುತ್ತದೆ.

‘ಒಂದು ನಂಬರ್ ಜಾಸ್ತಿ ಹಾಕಿ, ಸ್ಟ್ರಾಂಗ್ ಇರ್ತದೆ’ ಎನ್ನುವವರೂ ಇದ್ದಾರೆ. ಪ್ಲಗ್ ಹೆಸರಿನಲ್ಲಿರುವ ಆ ನಂಬರ್ ಶಕ್ತಿಯದಲ್ಲ, ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬುದರದು. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಂಪು. ಬಾಷ್, ಚಾಂಪಿಯನ್‌ನಲ್ಲಿ ಏರಿದಷ್ಟೂ ಬಿಸಿ. ಅದಕ್ಕೇ ಒಂದರ 7 ಇನ್ನೊಂದರ 6ಕ್ಕೆ ಜೋಡಿ.

ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.5 ಮಿ.ಮೀ. ಹೊಸದಾದರೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡುತ್ತೇನೆ.

ನಾನು ಮೆಷಿನ್ ಓಡಿಸುವುದು ವರ್ಷಕ್ಕೆ ಎರಡು ಸಲ, ಒಂದೊಂದು ಸಲ ಹತ್ತು ಹನ್ನೆರಡು ದಿನ. ಅಷ್ಟಕ್ಕೆ ವರ್ಷಕ್ಕೊಂದು ಪ್ಲಗ್ ಬದಲಿಸಿದರೆ ಆಯಿತು. ಅರ್ಧ ಬೆಲೆಯಲ್ಲಿ ಉಳಿದದ್ದು ನೂರು ರೂಪಾಯಿಯ ಒಳಗೆ, ಆ ಮಧ್ಯಾಹ್ನ ಕೂತಿದ್ದ ಆಳಿನ ಸಂಬಳ ಅದರ ಎಷ್ಟೋ ಪಟ್ಟು. ಈಗ ಸ್ಪ್ಯಾನರ್ ಚೀಲದಲ್ಲಿ ಎರಡು ಎನ್‌ಜಿಕೆ ಸದಾ ಇರುತ್ತವೆ.