ನಿಕ್ಸನ್ ಕಾಲದ ಕಡತಗಳು: ಸಂಪುಟ ಓದಬೇಕಾ, ಟೇಪು ಕೇಳಬೇಕಾ, ಸ್ಕ್ಯಾನ್ ನೋಡಬೇಕಾ?

ಹೋಲಿಸಿ ನೋಡಲು ನಾನು ಆರಿಸಿಕೊಂಡದ್ದು 1971ರ ಆಗಸ್ಟ್ ತಿಂಗಳು. 9ನೇ ತಾರೀಖು ಭಾರತ ಮತ್ತು ಸೋವಿಯತ್ ಒಕ್ಕೂಟ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. 15ನೇ ತಾರೀಖು, ಭಾನುವಾರ ರಾತ್ರಿ, ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಟಿವಿಯಲ್ಲಿ ಬಂದು ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದರು. 90 ದಿನ ಸಂಬಳ, ಬೆಲೆ ಎರಡೂ ಏರುವಂತಿಲ್ಲ ಅಂತಲೂ ಹೇಳಿದರು. ಒಂದು ಹೊರಗಿನ ವಿಷಯ, ಇನ್ನೊಂದು ಒಳಗಿನದು. ಕಚೇರಿ ಮಾತ್ರ ಒಂದೇ. ಯಾವ ಸಂಗ್ರಹ ಯಾವುದಕ್ಕೆ ಒದಗುತ್ತದೆ ಅಂತ ನೋಡಲು ಇಂಥ ತಿಂಗಳು ಬೇಕು.

ಮೊದಲು ತೆರೆದದ್ದು ‘ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’. ಬಳಸುವವರೆಲ್ಲ ಫ್ರಸ್ ಅಂತಾರೆ. ಲಿಂಕನ್ ಕಾಲದಲ್ಲಿ, 1861ರಲ್ಲಿ, ಶುರುವಾದ ಸರಣಿ ಇದು. ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸಕಾರರೇ ಕಡತಗಳನ್ನು ಆರಿಸಿ, ಟಿಪ್ಪಣಿ ಬರೆದು ಪ್ರಕಟಿಸುತ್ತಾರೆ. ಆನ್‌ಲೈನಿನಲ್ಲಿ ಪೂರ್ತಿ ಉಚಿತ. ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾದ 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನ ಸಂಪುಟ 2005ರಲ್ಲಿ ಬಂತು.

ಓದಲು ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಢಾಕಾದಿಂದ ಬಂದ ತಂತಿ, ಅದರ ಮೇಲೆ ನಿಕ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ನಡೆಸಿದ ಸಭೆ, ಆಮೇಲೆ ಅಧ್ಯಕ್ಷರಿಗೆ ಹೋದ ಟಿಪ್ಪಣಿ, ಎಲ್ಲ ತಾರೀಖಿನ ಸಾಲಿನಲ್ಲಿ ಕೂತಿರುತ್ತವೆ. ಯಾರು ಯಾರು ಅಂತ ಗೊತ್ತಿಲ್ಲದಿದ್ದರೆ ಹೆಸರುಗಳ ಪಟ್ಟಿಯೂ ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಪ್ರತಿ ಕಡತದ ಮೊದಲ ಅಡಿಟಿಪ್ಪಣಿ. ಮೂಲ ಪ್ರತಿ ಯಾವ ಸಂಗ್ರಹದ ಎಷ್ಟನೇ ಪೆಟ್ಟಿಗೆಯಲ್ಲಿದೆ, ಅದರ ಮೇಲೆ ‘ಸೀಕ್ರೆಟ್’ ಅಂತ ಇತ್ತೋ ಇಲ್ಲವೋ, ಅಧ್ಯಕ್ಷರು ನೋಡಿದ್ದರೋ, ಎಲ್ಲ ಅಲ್ಲೇ ಇರುತ್ತದೆ. ಗುಟ್ಟಾಗಿ ಉಳಿಸಿಕೊಂಡ ಜಾಗದಲ್ಲೂ ಸುಮ್ನೆ ಖಾಲಿ ಬಿಡುವುದಿಲ್ಲ, ಇಷ್ಟು ಸಾಲು ಬಿಡುಗಡೆಯಾಗಿಲ್ಲ ಅಂತ ಆವರಣದಲ್ಲಿ ಬರೆದಿರುತ್ತಾರೆ. ಇದು ದೊಡ್ಡ ಪ್ರಾಮಾಣಿಕತೆ ಅಂತ ನನಗೆ ಅನ್ನಿಸುತ್ತದೆ.

ಆದರೆ ಆಯ್ಕೆ ಅಂದಮೇಲೆ ಬಿಟ್ಟದ್ದೂ ಇರುತ್ತದೆ ಅಲ್ವಾ? ಅದಕ್ಕೇ ಅಸಲು ಕಾಗದವನ್ನೂ ನೋಡಬೇಕು. ಇದಕ್ಕೆ ನಾನು ಹೋದದ್ದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್‌ಗೆ. 1985ರಲ್ಲಿ ಹುಟ್ಟಿದ ಇದು ಸರ್ಕಾರದ್ದಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಡತ ಬಿಡಿಸಿಕೊಂಡು, ಸ್ಕ್ಯಾನ್ ಮಾಡಿ ಜನರ ಮುಂದಿಡುವುದೇ ಇವರ ಕೆಲಸ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು 1971ರ ಏಪ್ರಿಲ್ 28ರ ಟಿಪ್ಪಣಿಯನ್ನು ತೆರೆಯಿರಿ. ಪೂರ್ವ ಪಾಕಿಸ್ತಾನದಲ್ಲಿ ಕೊಲೆಗಳು ನಡೆಯುತ್ತಿದ್ದಾಗ ಏನು ಮಾಡಬಹುದು ಅಂತ ಕಿಸಿಂಜರ್ ಮೂರು ದಾರಿ ತೋರಿಸಿ ನಿಕ್ಸನ್ ಮುಂದಿಟ್ಟ ಕಾಗದ ಅದು. ನಿಕ್ಸನ್ ಕೈಬರಹದಲ್ಲಿ, ಈಗ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನರ ಮೇಲೆ ಒತ್ತಡ ಹಾಕಬೇಡಿ ಅಂತ ಎಲ್ಲರಿಗೂ ಸೂಚನೆ ಬರೆದರು. ‘ಬೇಡ’ ಅನ್ನುವ ಪದದ ಕೆಳಗೆ ಮೂರು ಗೆರೆ ಎಳೆದರು. ಸಂಪುಟ ಆ ಬರಹವನ್ನೂ ಕೊಡುತ್ತದೆ, ಗೆರೆ ಮೂರು ಅಂತಲೂ ತಿಳಿಸುತ್ತದೆ. ಸ್ಕ್ಯಾನಿನಲ್ಲಿ ಆ ಗೆರೆಗಳೇ ಕಾಣುತ್ತವೆ. ಒಂದು ದೇಶದ ನೀತಿ ಒಬ್ಬರ ಪೆನ್ನಿನಿಂದ ಹೀಗೆ ಇಳಿದು ಬಂದದ್ದನ್ನು ಕಣ್ಣಾರೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಚ್ಚು ಓದಿದಾಗ ನನಗೆ ಹಾಗಾಗಿರಲಿಲ್ಲ.

ಇಷ್ಟಾದರೂ ಸ್ಕ್ಯಾನ್ ಸಂಗ್ರಹವನ್ನೇ ನಂಬಿಕೊಂಡು ಹೊರಡಬೇಡಿ. ತಂತಿಗಳೆಲ್ಲ ದೊಡ್ಡಕ್ಷರದಲ್ಲೇ ಟೈಪಾಗಿರುತ್ತವೆ, ಅಕ್ಷರ ಮಾಸಿರುತ್ತದೆ. ಹಿಂದುಮುಂದು ಗೊತ್ತಿಲ್ಲದವರಿಗೆ ಬೇಗ ದಣಿವಾಗುತ್ತದೆ.

ಇನ್ನು ಟೇಪುಗಳು. ನಿಕ್ಸನ್ 1971ರ ಫೆಬ್ರವರಿಯಿಂದ 1973ರ ಜುಲೈವರೆಗೆ ಮಾತುಕತೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿದರು. ಒಟ್ಟು ಸುಮಾರು 3,700 ಗಂಟೆ. ಬಹುಪಾಲು ಈಗ ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಗ್ರಂಥಾಲಯದ ಮೂಲಕ ಎಲ್ಲರಿಗೂ ಕೇಳಲು ಸಿಗುತ್ತದೆ. ಯಾರು ಬಂದರು, ಯಾವ ವಿಷಯ ಬಂತು ಅಂತ ತಿಳಿಸುವ ಸೂಚಿಯೂ ಇದೆ. ಅದನ್ನು ಕೈಯಲ್ಲಿ ಹಿಡಿಯದೆ ಕೇಳಲು ಕೂತರೆ ಕಷ್ಟ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ನಡುವೆ ಮೇಜಿನ ಸದ್ದು. ಎಷ್ಟೋ ಮಾತು ಕಿವಿಗೆ ಸಿಗುವುದೇ ಇಲ್ಲ.

ಡಾಲರಿನ ವಿಷಯದಲ್ಲಿ ಟೇಪುಗಳು ಮುಖ್ಯ ಜಾಗದಲ್ಲೇ ಕೈಕೊಡುತ್ತವೆ. ಆ ನಿರ್ಧಾರ ಗಟ್ಟಿಯಾದದ್ದು ಆಗಸ್ಟ್ 13ರಿಂದ 15ರವರೆಗೆ ಅಧ್ಯಕ್ಷರ ವಿಶ್ರಾಂತಿ ತಾಣವಾದ ಕ್ಯಾಂಪ್ ಡೇವಿಡ್‌ನಲ್ಲಿ. ಅಲ್ಲಿ ಧ್ವನಿಮುದ್ರಣದ ವ್ಯವಸ್ಥೆ ಬಂದದ್ದು 1972ರಲ್ಲಿ! ಫ್ರಸ್ ಸಂಪುಟವೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ಚಿನ್ನ, ಡಾಲರ್, ಆಮದಿನ ಮೇಲಿನ ಶೇ. 10ರ ಹೆಚ್ಚುವರಿ ಸುಂಕ, ಇವಕ್ಕೆ ಬೇರೆಯದೇ ಸಂಪುಟ ಇದೆ. ಕಾರ್ಮಿಕರ ಸಂಬಳ ಏರದಂತೆ ಯಾಕೆ ತಡೆದರು ಅಂತ ಕೇಳಿದರೆ ಅದು ವಿದೇಶಾಂಗದ ವಿಷಯವಲ್ಲ.

ಒಳಗಿನ ವಿಷಯಕ್ಕೆ ನನಗೆ ದಾರಿ ತೋರಿಸಿದ್ದು ಅಧ್ಯಕ್ಷರ ದಿನಚರಿ. ಇದೂ ಅದೇ ಗ್ರಂಥಾಲಯದ್ದು. ಟೈಪ್ ಮಾಡಿದ ಹಾಳೆಗಳು: ಯಾವ ಗಂಟೆಗೆ ಯಾರನ್ನು ನೋಡಿದರು, ಭೇಟಿ ಎಷ್ಟಕ್ಕೆ ಮುಗಿಯಿತು, ಫೋನ್ ಮಾಡಿದವರು ಅಧ್ಯಕ್ಷರೋ ಆ ಕಡೆಯವರೋ. ಒಂದು ಅಭಿಪ್ರಾಯವೂ ಇಲ್ಲದ ಒಣ ಕಾಗದ. ಆದರೆ ಹೆಸರು ಮತ್ತು ಹೊತ್ತು ಸಿಕ್ಕರೆ ಸಾಕು, ಆ ವ್ಯಕ್ತಿಯ ಕಡತದಲ್ಲಿ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ. ಇದರ ಜೊತೆಗೆ ಸರ್ಕಾರವೇ ಅಚ್ಚು ಹಾಕಿಸುವ ಅಧ್ಯಕ್ಷರ ಸಾರ್ವಜನಿಕ ಭಾಷಣಗಳ ಸಂಪುಟವೂ ಇದೆ. ಜನರಿಗೆ ಹೇಳಿದ್ದೇನು ಅಂತ ನೋಡಲು ಅದು ಸಾಕು, ಒಳಗೆ ನಡೆದದ್ದು ಅಲ್ಲಿ ಸಿಗುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ವಿದೇಶಾಂಗದ ವಿಷಯವಾದರೆ ಕಣ್ಣು ಮುಚ್ಚಿ ಫ್ರಸ್ ಹಿಡಿಯಿರಿ, ಮನಸ್ಸಿಗೆ ನಾಟಿದ ಕಡತದ ಸ್ಕ್ಯಾನನ್ನು ಆಮೇಲೆ ಹುಡುಕಿ. ಒಳಗಿನ ನೀತಿಯಾದರೆ ದಿನಚರಿಯಿಂದ ಹೊರಡಿ. ಟೇಪು ಕೊನೆಗಿರಲಿ, ತಾರೀಖು ಖಚಿತವಾದ ಮೇಲೆ. ಮೊದಲಿಗೆ 1971ರ ನವೆಂಬರ್ 5ರ ಬೆಳಗ್ಗೆ ನಿಕ್ಸನ್ ಮತ್ತು ಕಿಸಿಂಜರ್ ಆಡಿದ ಮಾತು ಕೇಳಿ. ಹಿಂದಿನ ದಿನ ಇಂದಿರಾ ಗಾಂಧಿಯವರ ಜೊತೆ ಮಾತುಕತೆ ನಡೆದಿತ್ತು. ಅವರ ಬಗ್ಗೆ ಇಬ್ಬರೂ ಆಡಿದ ಕೀಳು ಮಾತುಗಳ ಲಿಖಿತ ಪ್ರತಿ ಫ್ರಸ್‌ನ ವಿದ್ಯುನ್ಮಾನ ಸಂಪುಟದಲ್ಲಿದೆ. ಅದನ್ನು ಮುಂದಿಟ್ಟುಕೊಂಡೇ ಟೇಪು ಕೇಳಿ, ಆಗ ಪದಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ.