ಲಿನಕ್ಸ್ ಸೆಟ್ಟಿಂಗ್: ತಾತ್ಕಾಲಿಕವಾಗಿ ಬದಲಿಸುವುದಾ, ಕಾಯಂ ಮಾಡುವುದಾ?

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಕ್ಕಾಗಲ್ಲ. ಯುಪಿಎಸ್ ಖಾಲಿಯಾದರೆ ಅಡಿಕೆ ಮಂಡಿಯ ಸರ್ವರ್ ರೀಬೂಟ್ ಆಗಲೇಬೇಕು. ಆಗ ನಿಮ್ಮ ಸೆಟ್ಟಿಂಗ್ ಉಳಿಯುತ್ತದಾ?

ಕರ್ನಲ್ ಅಂದರೆ ಲಿನಕ್ಸಿನ ತಿರುಳು; ಅದರ ಸೆಟ್ಟಿಂಗ್ ಬದಲಿಸುವುದು ಸಿಸ್‌ಸಿಟಿಎಲ್ (sysctl) ಕಮಾಂಡ್. ಅದನ್ನು ಕೊಟ್ಟು ಸ್ವಾಪಿನೆಸ್ಸನ್ನು (swappiness, ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಸರಿಸುವ ಒಲವು ಎಷ್ಟು ಅನ್ನುವ ಸಂಖ್ಯೆ) 60ರಿಂದ 10ಕ್ಕೆ ಇಳಿಸಿದರೆ ತಕ್ಷಣ ಜಾರಿ. ರೀಬೂಟ್ ಆದರೆ ಮತ್ತೆ 60. ಪರೀಕ್ಷೆ ಮಾಡಲು ಇದೇ ಒಳ್ಳೆಯದು.

ಸಿಸ್‌ಸಿಟಿಎಲ್.ಡಿ (/etc/sysctl.d) ಫೋಲ್ಡರ್‌ನಲ್ಲಿ ಅದೇ ಸೆಟ್ಟಿಂಗ್ ಇರುವ ಫೈಲ್ ಬರೆದಿಟ್ಟರೆ ಕಾಯಂ. ಕರೆಂಟ್ ಎಷ್ಟು ಸಲ ಹೋದರೂ, ಬೂಟ್ ಆದಾಗಲೆಲ್ಲ 10 ತಾನಾಗಿ ಬರುತ್ತದೆ. ಆದರೆ ವಾಪಸ್ ಹೋಗುವಾಗ ಜಾಸ್ತಿ ಜನ ಎಡವುವುದು ಇಲ್ಲೇ. ಫೈಲ್ ಅಳಿಸಿದ ಮಾತ್ರಕ್ಕೆ 60 ಬರಲ್ಲ. ಕರ್ನಲ್‌ನಲ್ಲಿ 10 ಹಾಗೇ ಕೂತಿರುತ್ತದೆ. ಬೇರೆ ಯಾವ ಫೈಲ್‌ನಲ್ಲೂ ಆ ಸೆಟ್ಟಿಂಗ್ ಇಲ್ಲದಿದ್ದರೆ ಫೈಲ್‌ಗಳನ್ನು ರೀಲೋಡ್ ಮಾಡಿದರೂ (ಮತ್ತೆ ಓದಿಸಿದರೂ) ಅಷ್ಟೇ. ಒಂದೋ ರೀಬೂಟ್ ಮಾಡಬೇಕು, ಇಲ್ಲವೇ 60 ಅಂತ ಕೈಯಾರೆ ಕೊಡಬೇಕು. ಅದಕ್ಕೇ ಬದಲಿಸುವ ಮೊದಲು ಹಳೆಯ ಸಂಖ್ಯೆಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಅದೇ ಫೈಲ್‌ನಲ್ಲಿ, ಮುಂದೆ ಹ್ಯಾಶ್ ಹಾಕಿ ಬರೆದರೂ ಸಾಕು.

ನನ್ನ ಸಲಹೆ: ಮೊದಲು ಕಮಾಂಡ್, ಕೆಲಸ ಸರಿಯಾಗಿ ನಡೆದರೆ ಆಮೇಲೆ ಫೈಲ್.

ಬೂಟ್ ಪ್ಯಾರಾಮೀಟರ್‌ಗಳಿಗಂತೂ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೆಟ್ಟಿಂಗ್‌ಗಳು) ಈ ಕ್ರಮ ಬಿಡಲೇಬೇಡಿ. ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ ಆದ ಗ್ರಬ್‌ನ (GRUB) ಮೆನುವಿನಲ್ಲಿ ‘ಇ’ (e) ಒತ್ತಿ ತಿದ್ದಿದ್ದು ಆ ಒಂದು ಬೂಟ್‌ಗೆ ಮಾತ್ರ. ಗ್ರಬ್ ಫೈಲನ್ನೇ ತಿದ್ದಿ ಅಪ್‌ಡೇಟ್ ಮಾಡಿದರೆ ಕಾಯಂ. ಅಲ್ಲಿ ತಪ್ಪಾದರೆ ಯಂತ್ರ ಬೂಟೇ ಆಗದಿರಬಹುದು. ಶಿವಮೊಗ್ಗದಲ್ಲಿ ಕೂತು ಆಗುಂಬೆಯ ಸರ್ವರ್ ನೋಡಿಕೊಳ್ಳುವವರು ಆಗ ಮಳೆಯಲ್ಲಿ ಅಲ್ಲಿಗೇ ಹೋಗಬೇಕಾಗುತ್ತದೆ, ಅಲ್ವಾ?