ಪಿಕಪ್‌ಗೆ ಪೆಡಲ್ ಕಂಟ್ರೋಲರ್, ರೈಲ್ ಬಾಕ್ಸ್, ರೀಮ್ಯಾಪ್: ಲೋಡ್ ಹೊತ್ತು ಓಡಿಸಿ ನೋಡಿದ ಹೋಲಿಕೆ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಲೋಡ್‌ಗಾಗಿ ಕಾಯುವ ಪಿಕಪ್ ಮಾಲೀಕರ ನಡುವೆ ‘ಚಿಪ್ ಹಾಕಿಸಿದರೆ ಎಳೆತ ಬರುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಮಾತ್ರ ಪರಸ್ಪರ ಸಂಬಂಧವಿಲ್ಲದ ಮೂರು ಬಗೆಯ ಕೆಲಸಗಳು: ಎಕ್ಸಲರೇಟರ್ ಪೆಡಲ್‌ನ ಸಿಗ್ನಲ್ ಬದಲಿಸುವ ಕಂಟ್ರೋಲರ್, ಡೀಸೆಲ್ ರೈಲ್‌ನ (ಇಂಜೆಕ್ಟರ್‌ಗಳಿಗೆ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಒದಗಿಸುವ ಪೈಪಿನ) ಒತ್ತಡ ಹೆಚ್ಚಿಸುವ ಬಾಕ್ಸ್, ಮತ್ತು ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಒಳಗಿನ ಲೆಕ್ಕವನ್ನೇ ತಿದ್ದುವ ರೀಮ್ಯಾಪ್. ವಾರಂಟಿ ಮುಗಿದಿದ್ದ ನನ್ನ ಬಿಎಸ್-4 ಬೊಲೆರೊ ಪಿಕಪ್‌ಗೆ, ಅಂದರೆ 2523 ಸಿಸಿಯ ಕಾಮನ್ ರೈಲ್ ಡೀಸೆಲ್ ಇಂಜಿನ್‌ಗೆ, ಈ ಮೂರನ್ನೂ ಒಂದಾದ ಮೇಲೊಂದರಂತೆ ಅಳವಡಿಸಿ ಓಡಿಸಿದ್ದೇನೆ. ಕೋಲಾರದಿಂದ ಮುಳಬಾಗಿಲು, ಪಲಮನೇರು, ಚಿತ್ತೂರಿನ ಮೇಲೆ ಚೆನ್ನೈಗೆ ಹೋಗುವಾಗ ಹೆಚ್ಚಿನ ದಾರಿ ಇಳಿಜಾರೇ ಆದ್ದರಿಂದ ಅಲ್ಲಿ ಯಾವ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ವಾಪಸ್ ಬರುವಾಗ ಸಿಕ್ಕ ಬಾಡಿಗೆ ಲೋಡ್ ಹೊತ್ತು ಚಿತ್ತೂರು-ಪಲಮನೇರು ನಡುವಿನ ಮೊಗಿಲಿ ಘಾಟಿ ಹತ್ತುವುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಹೋಲಿಕೆ ನ್ಯಾಯವಾಗಿರಬೇಕೆಂದು ಮೊದಲೇ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ (ಅವು ಎಷ್ಟು ಡೀಸೆಲ್ ವಾಪಸ್ ಬಿಡುತ್ತವೆಂದು ಅಳೆಯುವುದು) ಮಾಡಿಸಿದ್ದೆ. ‘ಎಳೆತ ಕಡಿಮೆಯಾಗಿದೆ’ ಎನ್ನುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳಿಗೆ ಬೇಕಿರುವುದು ಇಷ್ಟೇ ಎಂಬುದು ನನ್ನ ಅಭಿಪ್ರಾಯ.

ಪೆಡಲ್ ಕಂಟ್ರೋಲರ್ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಪೆಡಲ್‌ನ ಸೆನ್ಸರ್ ಮತ್ತು ಅದರ ಕನೆಕ್ಟರ್ ನಡುವೆ ಅದನ್ನು ಸೇರಿಸಿದರೆ ಕೆಲಸ ಮುಗಿಯಿತು. ಪೆಡಲನ್ನು ಕಾಲು ಭಾಗ ಒತ್ತಿದಾಗ ಅರ್ಧ ಒತ್ತಿದಂತೆ ಇಸಿಯುಗೆ ತಿಳಿಸುತ್ತದೆ. ಪೂರ್ತಿ ಒತ್ತಿದಾಗ ಸಿಗುವುದು ಮೊದಲಿನಷ್ಟೇ ಡೀಸೆಲ್, ಮೊದಲಿನಷ್ಟೇ ಶಕ್ತಿ. ಊರೊಳಗೆ ಗಾಡಿ ಚುರುಕಾಯಿತೆನ್ನಿಸಿದರೂ ಘಾಟಿಯಲ್ಲಿ ಮೊದಲು ಎಲ್ಲೆಲ್ಲಿ ಗೇರ್ ಇಳಿಸುತ್ತಿದ್ದೆನೋ ಅಲ್ಲಲ್ಲೇ ಇಳಿಸಬೇಕಾಯಿತು. ಅಷ್ಟೇ ಅಲ್ಲದೆ, ತುಂಬಿದ ಗಾಡಿಯನ್ನು ಮಂಡಿಯ ಇಕ್ಕಟ್ಟಿನಲ್ಲಿ ಹಿಂದೆಮುಂದೆ ಮಾಡುವಾಗ ಆ ಚುರುಕುತನ ಕಿರಿಕಿರಿಯೇ ಸರಿ. ಇದನ್ನು ಇಂಧನ ಕಂಟ್ರೋಲರ್ ಎಂದು ಮಾರುವುದು ಸರಿಯಲ್ಲ.

ರೈಲ್ ಬಾಕ್ಸ್ ಹಾಗಲ್ಲ, ಅದು ನಿಜವಾಗಿಯೂ ಡೀಸೆಲ್ ಹೆಚ್ಚಿಸುತ್ತದೆ. ರೈಲ್‌ನ ತುದಿಯಲ್ಲಿರುವ ಒತ್ತಡದ ಸೆನ್ಸರ್‌ಗೆ ಮೂರು ತಂತಿಗಳಿರುತ್ತವೆ: ಐದು ವೋಲ್ಟ್‌ನ ಪೂರೈಕೆ, ಅರ್ಥಿಂಗ್, ಸಿಗ್ನಲ್. ಬಾಕ್ಸ್ ಈ ಸಿಗ್ನಲ್ಲನ್ನು ತಗ್ಗಿಸಿ ಇಸಿಯುಗೆ ತಲುಪಿಸುತ್ತದೆ. ಒತ್ತಡ ಸಾಲದೆಂದು ಭಾವಿಸಿದ ಇಸಿಯು ಪಂಪಿನಿಂದ ಹೆಚ್ಚು ಒತ್ತಡ ಕೇಳುತ್ತದೆ. ಇಂಜೆಕ್ಟರ್ ಮೊದಲಿನಷ್ಟೇ ಹೊತ್ತು ತೆರೆದಿದ್ದರೂ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ತಕ್ಕಡಿ ಕಡಿಮೆ ತೂಕ ತೋರಿಸುವಂತೆ ಮಾಡಿ ಹೆಚ್ಚು ಮಾಲು ಸುರಿಸಿಕೊಂಡ ಹಾಗೆ. ಅದರ ಅನುಕೂಲ, ಅಪಾಯ ಎರಡಕ್ಕೂ ಮೂಲ ಈ ಸುಳ್ಳು ತೂಕವೇ.

ಅಳವಡಿಕೆ ಕಷ್ಟವಲ್ಲ. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದು, ಕನೆಕ್ಟರ್ ಸುತ್ತಲಿನ ಧೂಳನ್ನು ಒರೆಸಿ, ಬಾಕ್ಸ್‌ನ ವೈರಿಂಗನ್ನು ನಡುವೆ ಸೇರಿಸಬೇಕು. ಸೆನ್ಸರನ್ನಾಗಲಿ ಹೈ-ಪ್ರೆಶರ್ ಪೈಪಿನ ನಟ್ಟನ್ನಾಗಲಿ ಸಡಿಲಿಸುವ ಅಗತ್ಯವೇ ಇಲ್ಲ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಏರುವ ಈ ವ್ಯವಸ್ಥೆಯಲ್ಲಿ ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮ ಭೇದಿಸಿ ಒಳಹೋಗಬಲ್ಲದು. ಬಾಕ್ಸನ್ನು ಟರ್ಬೊದಿಂದಲೂ ಸೈಲೆನ್ಸರ್ ಪೈಪಿನಿಂದಲೂ ದೂರ, ನೀರು ಬೀಳದ ಕಡೆ ಕಟ್ಟಬೇಕು. ಜೊತೆಗೆ ಬರುವ ಬೈಪಾಸ್ ಪ್ಲಗ್ಗನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಬಾಕ್ಸ್ ಕೆಟ್ಟರೆ ನಡುದಾರಿಯಲ್ಲಿ ಗಾಡಿಯನ್ನು ಮೂಲಸ್ಥಿತಿಗೆ ತರಲು ಅದು ಸುಲಭದ ದಾರಿ.

ಟ್ಯೂನಿಂಗ್‌ನಲ್ಲಿ ಮಾತ್ರ ತಾಳ್ಮೆ ಬೇಕು. ಅತ್ಯಂತ ಕೆಳಗಿನ ಹಂತದಿಂದ ಆರಂಭಿಸಿ, ತುಂಬಿದ ಗಾಡಿಯನ್ನು ಏರಿನಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿ ಓಡಿಸುತ್ತಾ ಕನ್ನಡಿಯಲ್ಲಿ ಹೊಗೆ ನೋಡುವುದು, ಕಪ್ಪು ಹೊಗೆ ನಿಲ್ಲದೆ ಬರತೊಡಗಿದ ಹಂತದಿಂದ ಕೆಳಗಿಳಿಯುವುದು ನಾನು ಅನುಸರಿಸಿದ ಕ್ರಮ. ಖಾಲಿ ಗಾಡಿಯಲ್ಲಿ ಮಾಡಿದ ಟ್ಯೂನಿಂಗ್‌ಗೆ ಬೆಲೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿರುವ ಕೋಲಾರದಲ್ಲಿ ಗಾಳಿ ಚೆನ್ನೈಗಿಂತ ತೆಳು. ಚೆನ್ನೈ ಕಡೆಯ ಬಯಲಿನಲ್ಲಿ ಹೊಗೆಯಿಲ್ಲದೆ ಓಡಿದ ಹಂತ ಮುಳಬಾಗಿಲಿನ ಆಚೀಚೆಗಿನ ಏರುಗಳಲ್ಲಿ ಕಪ್ಪು ಹೊಗೆ ಕಾರಿತು. ಆದ್ದರಿಂದ ಎತ್ತರದಲ್ಲಿ ಹೊಂದಿಸಿದ್ದನ್ನೇ ಅಂತಿಮವೆಂದು ಇಟ್ಟುಕೊಂಡೆ.

ಇಲ್ಲಿ ಎಚ್ಚರಿಸಲೇಬೇಕಾದ ಒಂದು ವಿಷಯವಿದೆ. ಬಾಕ್ಸ್ ಹಾಕಿಸಿದ ಅನೇಕರು ಒಬಿಡಿ ಸ್ಕ್ಯಾನರನ್ನು (ಇಸಿಯು ಮಾಹಿತಿ ಓದುವ ಸಾಧನ) ಫೋನಿಗೆ ಜೋಡಿಸಿ ‘ರೈಲ್ ಒತ್ತಡ ಮೊದಲಿನಷ್ಟೇ ಇದೆ, ಅಪಾಯವಿಲ್ಲ’ ಎನ್ನುತ್ತಾರೆ. ಸ್ಕ್ಯಾನರ್ ತೋರಿಸುವುದು ಇಸಿಯು ನಂಬಿರುವ ಒತ್ತಡವನ್ನು, ರೈಲ್‌ನಲ್ಲಿರುವ ಒತ್ತಡವನ್ನಲ್ಲ. ನಿಜ ತಿಳಿಯಬೇಕಾದರೆ ಬಾಕ್ಸ್‌ಗಿಂತ ಮೊದಲು, ಸೆನ್ಸರ್ ಕಡೆಯ ಸಿಗ್ನಲ್ ತಂತಿಯಲ್ಲಿ ಮಲ್ಟಿಮೀಟರ್‌ನಿಂದ ವೋಲ್ಟೇಜ್ ನೋಡಬೇಕು. ಅತಿ ಹೆಚ್ಚಿನ ಹಂತದಲ್ಲಿ ಘಾಟಿಯ ನಡುವೆ ಚೆಕ್ ಇಂಜಿನ್ ದೀಪ ಹತ್ತಿ ಗಾಡಿಯ ಶಕ್ತಿ ಕುಸಿದಾಗ ಸ್ಕ್ಯಾನರ್ ಕೊಟ್ಟ ಕೋಡ್ ಪಿ0087, ಅಂದರೆ ‘ರೈಲ್ ಒತ್ತಡ ಕಡಿಮೆ’. ಪಂಪು ತನ್ನ ಮಿತಿ ತಲುಪಿ ಒತ್ತಡ ಅತ್ಯಂತ ಹೆಚ್ಚಿದ್ದ ಹೊತ್ತಿನಲ್ಲಿ ಬಂದ ದೂರು ಅದು! ಕೋಡ್ ಮಾತ್ರ ನಂಬುವ ಮೆಕ್ಯಾನಿಕ್ ಕೈಗೆ ಈ ಗಾಡಿ ಸಿಕ್ಕರೆ ಒಳ್ಳೆಯ ಪಂಪನ್ನೇ ಬಿಚ್ಚಿಸಿಬಿಡಬಹುದು.

ಇಂಧನ ಬಳಕೆಯ ಲೆಕ್ಕವೂ ಇದೇ ರೀತಿ ತಪ್ಪುತ್ತದೆ. ಇಸಿಯು ಲೆಕ್ಕದಲ್ಲಿ ಡೀಸೆಲ್ ಕಡಿಮೆ, ಟ್ಯಾಂಕಿನಲ್ಲಿ ಹೆಚ್ಚು. ಒಂದೇ ಬಂಕ್‌ನಲ್ಲಿ ಬಾಯಿಯವರೆಗೆ ತುಂಬಿಸಿ ಅಳೆದಾಗ ಕೆಳಗಿನ ಹಂತದಲ್ಲಿ ಮೈಲೇಜ್ ಬಹುತೇಕ ಮೊದಲಿನಂತೆಯೇ ಇತ್ತು, ಮೇಲಿನ ಹಂತಗಳಲ್ಲಿ ಸ್ಪಷ್ಟವಾಗಿ ಇಳಿಯಿತು. ಘಾಟಿಯಲ್ಲಿ ಎರಡನೇ ಗೇರ್‌ಗೆ ಇಳಿಯಬೇಕಿದ್ದ ಕಡೆ ಮೂರನೇ ಗೇರ್‌ನಲ್ಲೇ ಹತ್ತಿತೆಂಬುದು ಬಾಕ್ಸ್‌ನ ನಿಜವಾದ ಲಾಭ. ಸೆನ್ಸರ್ ತಂತಿಗೆ ಬರೀ ರೆಸಿಸ್ಟರ್ ಸೇರಿಸಿದ ಅಗ್ಗದ ಮಾಲಿನ ಗೊಡವೆಗೆ ಹೋಗಬಾರದು. ಅದು ಐಡ್ಲಿಂಗ್‌ನಲ್ಲೂ ಒತ್ತಡ ಏರಿಸುವುದರಿಂದ ನಿಂತಲ್ಲೇ ಇಂಜಿನ್ ಕಟಕಟ ಸದ್ದು ಮಾಡುತ್ತದೆ.

ರೀಮ್ಯಾಪ್‌ನಲ್ಲಿ ಇಸಿಯುಗೆ ಸುಳ್ಳು ಹೇಳುವ ಪ್ರಮೇಯವಿಲ್ಲ. ಡೀಸೆಲ್ ಪ್ರಮಾಣ, ಇಂಜೆಕ್ಷನ್ ಆರಂಭವಾಗುವ ಕ್ಷಣ, ರೈಲ್ ಒತ್ತಡ, ಗಾಳಿಗೆ ತಕ್ಕಂತೆ ಹೊಗೆ ತಡೆಯುವ ಮಿತಿ, ಟಾರ್ಕ್ (ಇಂಜಿನ್‌ನ ತಿರುಗುಬಲ) ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ತಿದ್ದಬಹುದು. ಆದರೆ ತಿದ್ದುವವನ ತಿಳಿವಳಿಕೆಯಷ್ಟೇ ಅದರ ಗುಣಮಟ್ಟ. ಮೊದಲು ಹೋದ ಅಂಗಡಿಯಲ್ಲಿ ಗಾಡಿಯನ್ನು ನೋಡದೆಯೇ ಸಿದ್ಧ ಫೈಲ್ ಹಾಕಲು ಹೊರಟಿದ್ದರು, ನಾನು ಒಪ್ಪಲಿಲ್ಲ. ನಂತರ ಸಿಕ್ಕ ಟ್ಯೂನರ್ ಮೂಲ ಫೈಲನ್ನು ಓದಿ ಅದರ ಪ್ರತಿಯನ್ನು ನನಗೂ ಕೊಟ್ಟು, ‘ಕ್ಲಚ್ ಮೂಲದ್ದೇ ಇರುವುದಾದರೆ ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಜಾಸ್ತಿ ಏರಿಸುವುದಿಲ್ಲ’ ಎಂದು ಮೊದಲೇ ಹೇಳಿದರು. ಆ ಮಾತಿಗಾಗಿಯೇ ಅವರನ್ನು ನಂಬಿದೆ. ಭಾರ ಎಳೆಯುವ ಗಾಡಿಯಲ್ಲಿ ಹೆಚ್ಚಿನ ಟಾರ್ಕ್‌ಗೆ ಮೊದಲು ಸೋಲುವುದು ಕ್ಲಚ್ಚೇ: ಮೇಲಿನ ಗೇರ್‌ನಲ್ಲಿ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಅದರ ಕಾಲ ಮುಗಿಯಿತೆಂದೇ ಅರ್ಥ.

ಸೌಮ್ಯವಾದ ಈ ರೀಮ್ಯಾಪ್‌ನಲ್ಲಿ ಸಿಕ್ಕ ಎಳೆತ ಬಾಕ್ಸ್‌ನ ಮಧ್ಯಮ ಹಂತದಷ್ಟಿತ್ತು, ಹೊಗೆ ಅದರ ಕೆಳಹಂತಕ್ಕಿಂತ ಕಡಿಮೆ. ಮೈಲೇಜ್ ಏರಿಕೆ ಲೀಟರಿಗೆ ಅರ್ಧ ಕಿಲೋಮೀಟರ್‌ಗಿಂತ ಒಳಗೇ ಇದ್ದು, ಲೋಡ್ ಮತ್ತು ಗಾಳಿಯ ವ್ಯತ್ಯಾಸದಲ್ಲಿ ಕಳೆದುಹೋಗುವಷ್ಟು ಚಿಕ್ಕದು. ಡೀಸೆಲ್ ಉಳಿತಾಯದಿಂದ ಹಾಕಿದ ಖರ್ಚು ವಾಪಸ್ ಬರುತ್ತದೆ ಎಂಬ ಮಾರಾಟದ ಮಾತನ್ನು ನಾನು ಒಪ್ಪಲಾರೆ.

ಕಾನೂನಿನ ವಿಷಯದಲ್ಲಿ ಮೂರಕ್ಕೂ ಮೋಟಾರು ವಾಹನ ಕಾಯ್ದೆಯೇ ಆಧಾರ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದೆ ಮುಂದುವರಿಯಬಾರದು. ಎಮಿಷನ್ ಪರೀಕ್ಷೆಯಲ್ಲಿ ಬಿಎಸ್-4 ಡೀಸೆಲ್ ಗಾಡಿಗೆ ಹೊಗೆಯ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ). ಆ ಪರೀಕ್ಷೆ ನಿಂತ ಗಾಡಿಯಲ್ಲಿ, ಭಾರವಿಲ್ಲದೆ ನಡೆಯುವುದರಿಂದ ಅದರಲ್ಲಿ ಪಾಸಾಗುವುದು ಘಾಟಿಯ ಹೊಗೆಗೆ ಸಾಕ್ಷಿಯಲ್ಲ.

ನನ್ನ ಆಯ್ಕೆ ರೀಮ್ಯಾಪ್, ಅದೂ ಕ್ಲಚ್ ಮತ್ತು ಇಂಜೆಕ್ಟರ್ ಗಟ್ಟಿಯಾಗಿರುವ, ವಾರಂಟಿ ಮುಗಿದ ಗಾಡಿಗೆ. ಪ್ರಾಮಾಣಿಕ ಟ್ಯೂನರ್ ಸಿಗದ ಕಡೆ, ಐಡ್ಲಿಂಗನ್ನು ಮುಟ್ಟದ ಬಾಕ್ಸನ್ನು ಕೆಳಹಂತದಲ್ಲಿಟ್ಟು ಓಡಿಸುವುದು ಎರಡನೆಯ ದಾರಿ. ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಬಿಎಸ್-6 ಪಿಕಪ್‌ಗೆ ಮಾತ್ರ ಬಾಕ್ಸ್ ಬೇಡವೇ ಬೇಡ. ಹೆಚ್ಚುವರಿ ಡೀಸೆಲ್‌ನ ಮಸಿಯೆಲ್ಲ ಆ ಫಿಲ್ಟರಿನಲ್ಲೇ ತುಂಬಿಕೊಂಡು, ಅದನ್ನು ಸುಡುವ ರೀಜೆನರೇಷನ್ ಪದೇಪದೇ ನಡೆದು, ಉರಿಯದ ಡೀಸೆಲ್ ಇಂಜಿನ್ ಆಯಿಲ್‌ಗೂ ಸೇರತೊಡಗುತ್ತದೆ.